ಕುದುರೆಮಣೆ ಯಾರ ಮನೆಗೆ ಹೋಯಿತು

ಮೂವತ್ತೆಂಟು ವರ್ಷ ಹಳೇ ಸಾಮಾನಿನ ದಲ್ಲಾಳಿಯಾಗಿದ್ದವನು ನಾನು. ಅದರ ಬಗ್ಗೆ ಬರೆಯೋಣವೆಂದು ಕೂತರೆ ಪೆನ್ನಿಗೆ ಮೊದಲು ಬರುವುದು ನನ್ನ ಹೆಸರಲ್ಲ, ತುರುವೇಕೆರೆ ಮರುಳಪ್ಪನ ಹೆಸರು. ನಾನು ಹೋದ ಮನೆಗೆಲ್ಲ ಅವನು ಒಂದು ದಿನ ಮುಂಚೆ ಹೋಗಿ ಕಾಫಿ ಕುಡಿದು ಬಂದಿರುತ್ತಿದ್ದ. ಈಗ ನನ್ನ ಬರವಣಿಗೆಗೂ ನನಗಿಂತ ಮುಂಚೆ ಬಂದು ಕೂತಿದ್ದಾನೆ. ಹೊಟ್ಟೆ ಉರಿಯದೆ ಇರುತ್ತದೆಯೇ?

ಹೋದ ತಿಂಗಳು ತಿಪಟೂರಿನಲ್ಲಿ ಹೊಸದಾಗಿ ಇದೇ ವ್ಯಾಪಾರಕ್ಕೆ ಇಳಿದಿರುವ ಗಂಡ ಹೆಂಡತಿ ನಮ್ಮ ಮನೆಗೆ ಬಂದಿದ್ದರು. "ಗಂಗಣ್ಣೋರೆ, ಈ ಕೆಲ್ಸದ ಒಳಗುಟ್ಟು ಒಂದೆರಡು ಹೇಳ್ಕೊಡಿ" ಅಂದರು. ಹೇಳಲು ಹೊರಟೆ, ಬಾಯಿಗೆ ಬಂದದ್ದೆಲ್ಲ ನನ್ನ ಜಂಬದ ಮಾತೇ. ಅವರು ಹೋದ ಮೇಲೆ ನಾಚಿಕೆಯಾಯಿತು. ಹೇಳಬೇಕಾದದ್ದನ್ನು ಹೇಳಲೇ ಇಲ್ಲವಲ್ಲ ಎಂದು ಈಗ ಬರೆಯುತ್ತಿದ್ದೇನೆ. ಅವರು ಓದಲಿ, ಬೇರೆಯವರೂ ಓದಲಿ.

ನಮ್ಮ ಕೆಲಸ ಹೀಗೆ. ಯಾರೋ ಹಳೇ ಮನೆ ಕೆಡವಿ ಹೊಸದು ಕಟ್ಟಿಸುತ್ತಾರೆ. ಕಂಬ, ಬಾಗಿಲು, ಹಿತ್ತಾಳೆ ಹಂಡೆ, ಬೀಟೆ ಮರದ ಪೆಟ್ಟಿಗೆ ಹೊರಗೆ ಬೀಳುತ್ತವೆ. ನಾವು ಹೋಗಿ ನೋಡಿ, ಬೆಂಗಳೂರು ಮೈಸೂರಿನ ಅಂಗಡಿಯವರಿಗೆ ಸುದ್ದಿ ಮುಟ್ಟಿಸಿ, ಎರಡೂ ಕಡೆಯವರಿಗೆ ಒಪ್ಪಿಗೆಯಾಗುವ ಹಾಗೆ ವ್ಯಾಪಾರ ಕುದುರಿಸುತ್ತೇವೆ. ದೇವರ ವಿಗ್ರಹಕ್ಕೆ ಕೈ ಹಾಕಬಾರದು. ನೂರು ವರ್ಷ ದಾಟಿದ ಕಲೆಯ ವಸ್ತು ದೇಶ ಬಿಟ್ಟು ಹೋಗಬಾರದೆಂಬ ಕಾನೂನಿದೆ, ಅದನ್ನು ಮೀರಬಾರದು. ಇಷ್ಟು ತಿಳಿದಿದ್ದರೆ ಮಿಕ್ಕದ್ದೆಲ್ಲ ಕಾಲು ಸವೆಸುವ ಕೆಲಸ.

ನನಗೂ ಮರುಳಪ್ಪನಿಗೂ ಗುರುಗಳು ಒಬ್ಬರೇ, ತಿಪಟೂರಿನ ರಹಮತ್ ಸಾಬರು. ಹಿತ್ತಾಳೆ ಪಾತ್ರೆ ವ್ಯಾಪಾರ ಅವರದು. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದ ಕೂಡಲೇ ನಮ್ಮಿಬ್ಬರ ಮುಂದೆ ಒಂದು ಚೊಂಬೋ ಸೌಟೋ ಇಡುತ್ತಿದ್ದರು. "ಸಾಮಾನು ಎಷ್ಟು ಹಳೇದು ಅಂತ ಮೈ ನೋಡ್ಬ್ಯಾಡಿ. ಕೈ ಹಿಡಿಯೋ ಜಾಗ ನೋಡಿ" ಅನ್ನುತ್ತಿದ್ದರು. ಹೊಸ ಹಿತ್ತಾಳೆಯನ್ನು ತಿಪ್ಪೆಯಲ್ಲಿ ಹೂತಿಟ್ಟು ಕಪ್ಪು ಮಾಡಬಹುದು, ಆದರೆ ನಾಲ್ಕು ತಲೆಮಾರಿನ ಹೆಬ್ಬೆರಳು ಒಂದೇ ಕಡೆ ಒತ್ತಿ ಒತ್ತಿ ಆದ ಸವೆತವನ್ನು ಯಾರೂ ಒಂದು ತಿಂಗಳಲ್ಲಿ ಮಾಡಲಾರರು. ಮರುಳಪ್ಪ ವಸ್ತುವನ್ನು ಕೈಗೆ ತಗೊಂಡು ಕಣ್ಣು ಮುಚ್ಚಿ ಹೇಳಿಬಿಡುತ್ತಿದ್ದ. ನಾನು ಬೆಳಕಿಗೆ ಹಿಡಿದು ತಿರುಗಿಸಿ ಮುರುಗಿಸಿ ನೋಡಿದರೂ ತಪ್ಪು ಹೇಳುತ್ತಿದ್ದೆ. ಒಂದು ದಿನ ಸಾಬರು ಗಿರಾಕಿಗಳ ಮುಂದೆಯೇ, "ಮರುಳೂಗೆ ಕಣ್ಣೈತೆ. ಗಂಗೂಗೆ ಕಾಲೈತೆ" ಅಂದರು. ಎಲ್ಲರೂ ನಕ್ಕರು. ಸಾಬರದು ಹೊಗಳಿಕೆಯೇ ಇದ್ದೀತು, ದಿನಕ್ಕೆ ನಾಲ್ಕು ಊರು ತಿರುಗುತ್ತಿದ್ದವನು ನಾನೇ ತಾನೇ. ಆದರೆ ಆ ಮಾತು ನನ್ನ ಎದೆಯಲ್ಲಿ ಮುಳ್ಳಾಗಿ ಕೂತಿತು. ಈಗಲೂ ಕಿತ್ತಿಲ್ಲ.

ನನ್ನ ಮೊದಲ ದೊಡ್ಡ ಎಡವಟ್ಟೂ ಆ ಮುಳ್ಳಿನಿಂದಲೇ ಆದದ್ದು. ಅರಳಗುಪ್ಪೆಯ ಒಂದು ಮನೆಯಲ್ಲಿ ಭಾರೀ ದೀಪದ ಕಂಬವಿದೆ ಎಂದು ಸುದ್ದಿ ಬಂತು. ನಾನು ಬಸ್ಸು ಇಳಿಯುವಾಗ ಮರುಳಪ್ಪ ಅದೇ ಬಸ್ಸು ಹತ್ತುತ್ತಿದ್ದ, ಕೈಯಲ್ಲಿ ಏನೂ ಇರಲಿಲ್ಲ. ದುಡ್ಡು ತರಲು ಹೋಗುತ್ತಿದ್ದಾನೆ, ಸಂಜೆಯೊಳಗೆ ವಾಪಸು ಬರುತ್ತಾನೆ ಅಂತ ನನ್ನ ಲೆಕ್ಕ. ಓಡಿ ಹೋಗಿ, ಕೈ ಹಿಡಿಯುವ ಜಾಗ ನೋಡದೆ, ಕೇಳಿದ ಬೆಲೆಗೆ ಒಪ್ಪಿಕೊಂಡು ದೀಪವನ್ನು ಹೆಗಲ ಮೇಲೆ ಹೊತ್ತು ತಂದೆ. ಸಾಬರು ಹುಣಸೆಹಣ್ಣು ಹಚ್ಚಿ ಒಂದು ಸಲ ಉಜ್ಜಿದರು, ಒಳಗಿನಿಂದ ಎಲ್ಲೂ ಸವೆಯದ ಹೊಚ್ಚ ಹೊಸ ಹಿತ್ತಾಳೆ ಫಳಫಳ ಹೊಳೆಯಿತು. ಮರುಳಪ್ಪ ಮೂಲೆಯಲ್ಲಿ ನಿಂತಿದ್ದವನು ನಗಲಿಲ್ಲ. ನಕ್ಕಿದ್ದರೆ ಜಗಳ ಆಡಬಹುದಿತ್ತು. "ನನ್ನ ಒಂದ್ ಮಾತು ಕೇಳಿದ್ರೆ ಬಸ್ ಸ್ಟ್ಯಾಂಡಲ್ಲೇ ಹೇಳ್ತಿದ್ನಲ್ಲೋ" ಅಂದ. ಅವನನ್ನು ಕೇಳುವುದು! ಆ ದೀಪ ಈಗಲೂ ನಮ್ಮ ಮನೆ ಅಟ್ಟದ ಮೇಲಿದೆ.

ಹೀಗೇ ನಡೆಯಿತು ವರ್ಷಗಟ್ಟಲೆ. ಒಂದು ಮನೆಗೆ ಹೋದರೆ ನಾನು ಬೆಲೆಯಿಂದ ಶುರು ಮಾಡುತ್ತಿದ್ದೆ. ಮರುಳಪ್ಪ ಬೆಲೆಯ ಮಾತನ್ನೇ ಎತ್ತುತ್ತಿರಲಿಲ್ಲ. ಜಗಲಿ ಮೇಲೆ ಕೂತು ಮಳೆ ಬೆಳೆ, ತೆಂಗಿನ ನುಸಿ ರೋಗ, ಮನೆಯ ಹೆಣ್ಣುಮಕ್ಕಳ ಬಾಣಂತನ ಎಲ್ಲ ಮಾತಾಡಿ ಎದ್ದು ಬರುತ್ತಿದ್ದ. ಮೂರು ದಿನಕ್ಕೆ ಆ ಮನೆಯವರೇ ಅವನಿಗೆ ಹೇಳಿ ಕಳಿಸುತ್ತಿದ್ದರು. ನಾನೂ ಒಂದೆರಡು ಸಲ ಹಾಗೆ ಮಾಡಿ ನೋಡಿದೆ. ಯಾರೂ ಹೇಳಿ ಕಳಿಸಲಿಲ್ಲ. ತುರುವೇಕೆರೆಯ ಒಂದು ತೊಟ್ಟಿಮನೆಯ ಉಯ್ಯಾಲೆ ಮಣೆಗಾಗಿ ಎರಡು ವರ್ಷ ತಿರುಗಿದ್ದೆ. ಕೊನೆಗೆ ಅದು ಮರುಳಪ್ಪನ ಗಾಡಿಯಲ್ಲಿ ಹೋಗುವುದನ್ನು ಅದೇ ಊರಿನ ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತಾ ನೋಡಿದೆ. ಉಳಿದ ಇಡ್ಲಿಯನ್ನು ಎಲೆಯಲ್ಲೇ ಬಿಟ್ಟು ಎದ್ದೆ.

ಕೆಲಸದ ರೀತಿ ಬದಲಾದಾಗಲೂ ಅವನೇ ಮುಂದೆ. ಮೊದಮೊದಲು ಕಾಗದ ಬರೆದು ಉತ್ತರಕ್ಕೆ ಕಾಯುತ್ತಿದ್ದೆವು. ಆಮೇಲೆ ಟೆಲಿಫೋನ್ ಬೂತಿನ ಮುಂದೆ ಸಾಲಿನಲ್ಲಿ ನಿಂತೆವು. ಫೋಟೋ ತೆಗೆಸಿ ಲಕೋಟೆಯಲ್ಲಿ ಕಳಿಸುವುದು ಬಂತು. ಕಡೆಗೆ ಇಮೇಲ್ ಬಂತು. ನಮ್ಮಿಬ್ಬರಿಗೂ ಕಂಪ್ಯೂಟರ್ ಬಾರದು. ತಿಪಟೂರು ಬಸ್ ಸ್ಟ್ಯಾಂಡ್ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟಿರುವ ಮಂಗಳಾ ಎಂಬ ಹೆಣ್ಣುಮಗಳು ನಮ್ಮಂಥವರ ಪತ್ರಗಳನ್ನು ಟೈಪ್ ಮಾಡಿ ಕಳಿಸಿ, ಬಂದದ್ದನ್ನು ಹಾಳೆ ಮೇಲೆ ತೆಗೆದು, ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ಓದಿ ಹೇಳುತ್ತಿದ್ದಳು. ಅವಳ ಹತ್ತಿರ ಮೊದಲು ಹೋದವನು ಮರುಳಪ್ಪ. ಪುಣೆಯ ಯಾರೋ ಅವನಿಂದ ಎರಡು ಪೆಟ್ಟಿಗೆ ತರಿಸಿಕೊಂಡರಂತೆ. ಈ ಸುದ್ದಿಯನ್ನು ನನಗೆ ಹೇಳಿದವಳು ನನ್ನ ಹೆಂಡತಿ. "ಅವ್ರನ್ನ ನೋಡಿ ಕಲೀರಿ, ಕೂತಲ್ಲೇ ಪುಣೇಲಿ ವ್ಯಾಪಾರ ಮಾಡ್ತಾರೆ" ಅಂದಳು. ಮನೆಯೊಳಗೂ ಅವನೇ.

ಇನ್ನು ತುರಿಮಣೆಯ ವಿಷಯ. ಇದಾಗಿ ಆರು ವರ್ಷ ಆಗಿರಬಹುದು.

ಶೆಟ್ಟಿಕೆರೆಯಲ್ಲಿ ರುದ್ರಮ್ಮ ಎಂಬವರ ಮನೆಯಲ್ಲಿ ಕಾಯಿ ತುರಿಯುವ ಒಂದು ಮಣೆ ಇತ್ತು. ಹಲಸಿನ ಮರದ ಕುದುರೆ. ಬೆನ್ನ ಮೇಲೆ ಕೂತು ತುರಿಯಬೇಕು, ಕುದುರೆಯ ಬಾಯಿಂದ ಹಲ್ಲಿನ ಅಲಗು ಹೊರಗೆ ಚಾಚಿಕೊಂಡಿತ್ತು. ಎಣ್ಣೆ ಹೀರಿ ಹೀರಿ ಬೆನ್ನು ಕನ್ನಡಿಯಾಗಿತ್ತು. ಅಂಥದ್ದನ್ನು ನಾನು ಮತ್ತೊಂದು ನೋಡಿಲ್ಲ. ಮರುಳಪ್ಪ ಆ ಮನೆಗೆ ಎರಡು ಮೂರು ಸಲ ಹೋಗಿ ಬರಿಗೈಯಲ್ಲಿ ಬಂದಿದ್ದಾನೆ ಎಂದು ಶೆಟ್ಟಿಕೆರೆ ಬಸ್ಸಿನಲ್ಲಿ ಯಾರೋ ಹೇಳಿದರು. ನನಗೆ ಅಷ್ಟು ಸಾಕಾಯಿತು. ಮಾರನೇ ದಿನವೇ ಹೋದೆ.

ರುದ್ರಮ್ಮನವರಿಗೆ ಆಗಲೇ ಎಪ್ಪತ್ತೆಂಟು. ಮಗ, ಸೊಸೆ, ಮೊಮ್ಮಕ್ಕಳು ತುಂಬಿದ ಮನೆ. ಅಡುಗೆಮನೆಯನ್ನು ಆಗಷ್ಟೇ ಕಟ್ಟೆ ಹಾಕಿ ಹೊಸದು ಮಾಡಿಸಿದ್ದರು. ನೆಲದ ಮೇಲೆ ಕೂರುವವರು ಯಾರೂ ಇರಲಿಲ್ಲ, ರುದ್ರಮ್ಮನವರ ಮಂಡಿಯೂ ಬಗ್ಗುತ್ತಿರಲಿಲ್ಲ. ಅವರು ಒಂದು ಕಾಯಿ ಒಡೆದು ನನ್ನ ಕೈಗೆ ಕೊಟ್ಟು, "ಕೂತ್ಕೊಂಡು ತುರಿ ನೋಡಾನ" ಅಂದರು. ಪರೀಕ್ಷೆ ಮಾಡುತ್ತಿದ್ದಾರೆಂದು ಗೊತ್ತಾಯಿತು. ಕುದುರೆ ಮೇಲೆ ಕೂತು ಎರಡು ಹೋಳನ್ನೂ ಚಿಪ್ಪಿನ ಕಪ್ಪು ತಾಗದ ಹಾಗೆ ತುರಿದೆ. ನಮ್ಮಮ್ಮನಿಂದ ಕಲಿತದ್ದು. ಸೊಸೆ ಆ ತುರಿಯಲ್ಲೇ ಬೆಲ್ಲ ಹಾಕಿ ನನಗೂ ಒಂದು ತಟ್ಟೆ ಕೊಟ್ಟಳು.

ಕುದುರೆಯ ಹಿಂದಿನ ಎಡಗಾಲಿಗೆ ತಾಮ್ರದ ಪಟ್ಟಿ ಹೊಡೆದಿತ್ತು. "ಇದೇನಮ್ಮ?" ಎಂದು ಕೇಳಿದೆ.

"ನಾನು ಬಂದ ವರ್ಷ ಬೀಳ್ಸಿ ಮುರಿದೆ ಕಣಪ್ಪ. ಇವತ್ತು ನನ್ನ ಕಥೆ ಮುಗೀತು ಅಂತ ಹಿತ್ಲಲ್ಲಿ ಅಳ್ತಾ ಕೂತಿದ್ದೆ. ನಮ್ಮತ್ತೆ ಒಂದ್ ಮಾತೂ ಬೈಲಿಲ್ಲ. ತಾಮ್ರದ ಪಟ್ಟಿ ಹೊಡ್ಸಿ ತಂದು, ಇನ್ಮೇಲೆ ಇದು ನಿಂದೇ, ನೀನೇ ತುರಿ ಅಂದ್ರು" ಅಂದರು.

ಆಮೇಲೆ ಅವರು ತಮ್ಮ ಷರತ್ತು ಹೇಳಿದರು. ದುಡ್ಡಿನ ಮಾತಲ್ಲ. "ಹಸ ಕೊಟ್ರೂ ಯಾರ ಕೊಟ್ಟಿಗೆಗೆ ಹೋಯ್ತು ಅಂತ ಕೇಳ್ತೀವಿ. ಇದು ಯಾರ ಮನೆಗೆ ಹೋಯ್ತು, ಅಲ್ಲಿ ಯಾರು ಅವ್ರೆ ಅಂತ ನೀನೇ ಬಂದು ನಂಗೆ ಹೇಳ್ಬೇಕು. ಹೇಳ್ತೀಯಾ?"

"ಹೇಳ್ತೀನಿ ಕಣಮ್ಮ, ಅದೇನ್ ದೊಡ್ಡ ಮಾತು" ಅಂದೆ.

ಬೆಲೆ ಮಾತಾಡಿ, ದುಡ್ಡು ಮಾರಿದ ಮೇಲೆ ಕೊಡುವುದೆಂದಾಯಿತು. ಮಣೆಯನ್ನು ಹಳೇ ಸೀರೆಯಲ್ಲಿ ಸುತ್ತಿ ಕೊಟ್ಟರು. ಬಸ್ಸಿನಲ್ಲಿ ತೊಡೆ ಮೇಲಿಟ್ಟುಕೊಂಡು ಬರುವಾಗ ನನಗಿದ್ದದ್ದು ಒಂದೇ ಯೋಚನೆ, ಮರುಳಪ್ಪನಿಗೆ ಇದು ಯಾರ ಬಾಯಿಂದ ಗೊತ್ತಾದರೆ ಚೆನ್ನ ಎಂದು.

ಅದಾಗಿ ವಾರಕ್ಕೆ ಮಂಗಳಾಳ ಅಂಗಡಿಗೆ ಹೋದೆ. ಬೆಂಚಿನ ಮೇಲೆ ಒಂದು ಹಾಳೆ ಬಿದ್ದಿತ್ತು, ತಲೆಯಲ್ಲಿ ಮರುಳಪ್ಪನ ಹೆಸರು. "ಅವ್ರು ಬೆಳಿಗ್ಗೆ ಬಂದಿದ್ರು, ಮರ್ತು ಹೋದ್ರೇನೋ" ಎಂದು ಮಂಗಳಾ ಬೇರೆ ಗಿರಾಕಿಯ ಆಧಾರ್ ಕಾರ್ಡ್ ಜೆರಾಕ್ಸ್ ಮಾಡಲು ತಿರುಗಿದಳು. ನನಗೆ ಬರುವ ಅಷ್ಟಿಷ್ಟು ಇಂಗ್ಲಿಷಿನಲ್ಲಿ ಓದಿದೆ. ವಿಕ್ಟರ್ ಎಂಬ ಮಧ್ಯವರ್ತಿ ಬರೆದದ್ದು. ವಿದೇಶದಲ್ಲಿ ನೆಲೆಸಿ ಮುಂಬೈಯಲ್ಲೂ ಮನೆ ಇಟ್ಟಿರುವ ಒಬ್ಬ ದೊಡ್ಡ ಮನುಷ್ಯರು ಹಳೇ ಅಡುಗೆಮನೆ ಸಾಮಾನು ಕೂಡಿಡುತ್ತಾರಂತೆ, ದಕ್ಷಿಣದ ಕಡೆಯ ತುರಿಮಣೆಗಳೆಂದರೆ ಪ್ರಾಣವಂತೆ. ತುರಿಮಣೆ ನನ್ನ ಹತ್ತಿರ, ಕೊಳ್ಳುವವನು ಅವನ ಹತ್ತಿರ! ಅದರಲ್ಲಿದ್ದ ಇಮೇಲ್ ವಿಳಾಸವನ್ನು ಬಸ್ ಟಿಕೆಟ್ಟಿನ ಹಿಂದೆ ಬರೆದುಕೊಂಡೆ. ಕದ್ದೆ ಎಂದೇ ಬರೆಯುತ್ತೇನೆ, ಬೇರೆ ಮಾತು ಯಾಕೆ.

ಮಾರನೇ ದಿನ ಮಂಗಳಾಳಿಂದ ಟೈಪ್ ಮಾಡಿಸಿದೆ. "ತುರುವೇಕೆರೆ ಮರುಳಪ್ಪನ ಹತ್ತಿರ ಇರುವುದಕ್ಕಿಂತ ನೂರು ಪಾಲು ಉತ್ತಮವಾದ ತುರಿಮಣೆ ನನ್ನಲ್ಲಿದೆ ಅಂತ ಹಾಕಮ್ಮ" ಅಂದೆ.

ಅವಳು ಕೈ ನಿಲ್ಲಿಸಿದಳು. "ಅವ್ರ ಹೆಸ್ರು ಯಾಕ್ರೀ ಬೇಕು ಇದ್ರಲ್ಲಿ?"

"ಬೇಕು, ನೀನು ಹಾಕು."

ಹಾಕಿದಳು. ಉತ್ತರ ಅದೇ ಸಂಜೆ ಬಂತು. ನನ್ನಂಥ ನುರಿತ ದಲ್ಲಾಳಿಯನ್ನೇ ಹುಡುಕುತ್ತಿದ್ದೆವು ಎಂಬ ಹೊಗಳಿಕೆ ಮೊದಲು. ಆಮೇಲೆ ನಿಯಮ: ಕೊಳ್ಳುವವರ ಹೆಸರು ಹೇಳುವುದಿಲ್ಲ, ಅವರನ್ನು ನೇರ ಸಂಪರ್ಕಿಸಬಾರದು, ಎಲ್ಲ ವ್ಯವಹಾರ ವಿಕ್ಟರ್ ಮೂಲಕವೇ ಆಗಬೇಕು. ಕೊನೆಯಲ್ಲಿ ಒಂದು ಸಾಲು. ನಿಮ್ಮ ಕಡೆಯ ಮರುಳಪ್ಪನವರೂ ತಮ್ಮ ಮಣೆಯನ್ನು ಕಳಿಸಲು ಸಿದ್ಧರಿದ್ದಾರೆ, ಯಾರದು ಮೊದಲು ಮುಂಬೈ ತಲುಪುತ್ತದೋ ಅದನ್ನೇ ಇಟ್ಟುಕೊಳ್ಳುತ್ತೇವೆ.

"ಗಂಗಣ್ಣೋರೆ, ಹೆಸ್ರು ಹೇಳದೆ ಇರೋರಿಗೆ ಸಾಮಾನು ಹೆಂಗ್ ಕಳಿಸ್ತೀರಿ? ನಂಗ್ಯಾಕೋ ಸರಿ ಕಾಣ್ತಿಲ್ಲ ಕಣ್ರೀ" ಅಂದಳು ಮಂಗಳಾ.

ಬೇರೆ ಊರಿನವರಿಗೆ ಹೆಸರು ಮುಚ್ಚಿಡುವುದೇ ಮೋಸದ ಗುರುತಾಗಿ ಕಂಡೀತು. ನಾನು ಕೊಬ್ಬರಿ ಸೀಮೆಯವನು. ನಮ್ಮಲ್ಲಿ ಕೊಬ್ಬರಿ ಚೀಲ ತಂದು ಮಂಡಿಯಲ್ಲಿ ಇಳಿಸಿದ ಮೇಲೆ ಅದನ್ನು ಕೊಂಡವರು ಯಾರು, ಯಾವ ದೇಶಕ್ಕೆ ಹೋಯಿತು ಎಂದು ನಮ್ಮ ಹಿರಿಯರು ಕೇಳಿದವರಲ್ಲ. ನಡುವೆ ಇರುವ ಮಂಡಿಯವರ ಮಾತೇ ಮಾತು. ಚಿಕ್ಕಂದಿನಲ್ಲಿ ಒಂದು ಸಲ ನಾನು ಬಾಯಿ ತಡೆಯದೆ ನಮ್ಮ ಕೊಬ್ಬರಿ ಕೊಂಡವರು ಯಾರೆಂದು ಕೇಳಿದ್ದಕ್ಕೆ ಅಪ್ಪ ಅಲ್ಲೇ ಗದರಿದ್ದರು: "ಮಂಡಿಯೋರ ಮುಂದೆ ಮಾನ ಕಳೀಬ್ಯಾಡ, ಸುಮ್ಕಿರ್ಲಾ." ಕೇಳುವುದೆಂದರೆ ನಡುವಿನವನನ್ನು ನಂಬಲಿಲ್ಲ ಎಂದು ಅವಮಾನ ಮಾಡಿದ ಹಾಗೆ. ಆದ್ದರಿಂದ ವಿಕ್ಟರ್ ಹೆಸರು ಹೇಳುವುದಿಲ್ಲ ಅಂದಾಗ ನನಗೆ ಅನುಮಾನ ಬರಲಿಲ್ಲ. ಮರ್ಯಾದಸ್ಥ, ನಮ್ಮ ಮಂಡಿಯವರ ಪೈಕಿ ಅಂದುಕೊಂಡೆ.

ರುದ್ರಮ್ಮನವರಿಗೆ ಕೊಟ್ಟ ಮಾತು ನೆನಪಿರಲಿಲ್ಲವೇ ಎಂದು ನೀವು ಕೇಳಬಹುದು. ನೆನಪಿತ್ತು. ಮಣೆ ಒಂದು ಸಲ ತಲುಪಲಿ, ಆಮೇಲೆ ನಯವಾಗಿ ಕೇಳಿ ತಿಳಿದುಕೊಂಡರಾಯಿತು ಎಂದುಕೊಂಡೆ. ಮರುಳಪ್ಪನ ಮಣೆ ಎಲ್ಲಿ ಮೊದಲು ಹೊರಟುಬಿಡುತ್ತದೋ ಎಂಬ ಆತುರದಲ್ಲಿ ಬೇರೆ ಯಾವುದೂ ತಲೆಗೆ ಹೋಗಲಿಲ್ಲ. ಅವನ ಹತ್ತಿರ ತುರಿಮಣೆ ಇದೆಯೋ ಇಲ್ಲವೋ ಎಂದು ಸಹ ವಿಚಾರಿಸಲಿಲ್ಲ. ವಿಕ್ಟರನಿಗೆ ಅವನ ಹೆಸರು ನೆನಪಿಸಿಕೊಟ್ಟವನೇ ನಾನು, ಅದೇ ಹೆಸರಿನಿಂದ ವಿಕ್ಟರ್ ನನ್ನನ್ನು ಓಡಿಸುತ್ತಿದ್ದಾನೆ ಎಂಬ ಸಣ್ಣ ವಿಷಯ ಹೊಳೆಯಲಿಲ್ಲ. ಮರದ ಪೆಟ್ಟಿಗೆ ಮಾಡಿಸಿ, ತೆಂಗಿನ ನಾರು ತುಂಬಿ, ರುದ್ರಮ್ಮನವರ ಸೀರೆ ಸಮೇತ ಕುದುರೆಯನ್ನು ಅದರೊಳಗೆ ಮಲಗಿಸಿ ಅದೇ ದಿನ ಪಾರ್ಸಲ್ ಮಾಡಿದೆ.

ತಲುಪಿದೆ ಎಂದು ಇಮೇಲ್ ಬಂತು. ಬ್ಯಾಂಕಿಗೆ ಹಣ ಹಾಕಿರುವ ರಸೀದಿಯ ಚಿತ್ರವೂ ಬಂತು. ಹಣ ಬರಲಿಲ್ಲ. ಮೂರನೆಯ ಇಮೇಲ್ ಓದುವಾಗ ಮಂಗಳಾಳ ದನಿ ಸಣ್ಣದಾಯಿತು. ಕೊಳ್ಳುವವರು ಮಣೆಯನ್ನು ಹೊರದೇಶಕ್ಕೆ ಒಯ್ಯುವಾಗ ಬಂದರಿನ ಅಧಿಕಾರಿಗಳು ಹಿಡಿದಿದ್ದಾರೆ, ಅದು ನೂರು ವರ್ಷ ದಾಟಿದ ವಸ್ತು, ಕಳಿಸಿದವರ ಜಾಗದಲ್ಲಿ ನಿಮ್ಮ ಹೆಸರಿದೆ, ಠೇವಣಿ ಕಟ್ಟದಿದ್ದರೆ ನಿಮ್ಮ ಮೇಲೆ ಕೇಸು. ಕಾನೂನು ಗೊತ್ತಿಲ್ಲದವನಾಗಿದ್ದರೆ ಹೋಗಯ್ಯ ಅನ್ನುತ್ತಿದ್ದೆನೋ ಏನೋ. ನನಗೆ ಗೊತ್ತಿತ್ತು, ಅದಕ್ಕೇ ಹೆದರಿ ಕಟ್ಟಿದೆ. ಇನ್ನೊಂದು ಸಲ ಕೇಳಿದರು, ಅದನ್ನೂ ಕಟ್ಟಿದೆ. ಆಮೇಲೆ ಮಂಗಳಾ ಕಳಿಸಿದ ಪತ್ರಗಳೆಲ್ಲ ವಿಳಾಸ ಇಲ್ಲವೆಂದು ವಾಪಸು ಬರತೊಡಗಿದವು.

ಯಾರಿಗೂ ಹೇಳಲಿಲ್ಲ. ಪೊಲೀಸರಿಗೆ ಹೇಳಿದರೆ ಊರಿಗೆ ಗೊತ್ತಾಗುತ್ತದೆ, ಊರಿಗೆ ಗೊತ್ತಾದರೆ ಮರುಳಪ್ಪನಿಗೆ ಗೊತ್ತಾಗುತ್ತದೆ. ಹದಿನೈದು ದಿನ ಹೀಗೇ ಕಳೆದೆ. ಶೆಟ್ಟಿಕೆರೆ ಬಸ್ಸು ಕಂಡರೆ ಪಕ್ಕದ ಓಣಿಗೆ ತಿರುಗುತ್ತಿದ್ದೆ. ಹೊಸದಾಗಿ ಈ ಕೆಲಸಕ್ಕೆ ಬಂದಿರುವವರೇ, ಇದೊಂದನ್ನು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ: ಮೋಸವಾಯಿತೆಂದು ತಿಳಿದ ದಿನವೇ ಹೋಗಿ ದೂರು ಕೊಡಿ. ನಾಚಿಕೆಗೆಂದು ನಾನು ಕಳೆದ ಆ ಹದಿನೈದು ದಿನದಲ್ಲಿ ಆ ವಿಕ್ಟರ್ ಎಲ್ಲಿ ಹೋದನೋ ಏನೋ. ಕೊನೆಗೆ ದೂರು ಕೊಟ್ಟಾಗ ಪೊಲೀಸರು ಮುಂಬೈಯ ಆ ವಿಳಾಸ ವಿಚಾರಿಸಿದರು. ಅದೊಂದು ಲಾಡ್ಜ್, ಪಾರ್ಸಲ್ ಪಡೆದವನು ಅದೇ ದಿನ ಖಾಲಿ ಮಾಡಿ ಹೋಗಿದ್ದ.

ಮರುಳಪ್ಪನಿಗೆ ಗೊತ್ತಾಗದೆ ಇರುತ್ತದೆಯೇ? ಒಂದು ಮಧ್ಯಾಹ್ನ ನಮ್ಮ ಮನೆ ಬಾಗಿಲಿಗೇ ಬಂದ. ಹಂಗಿಸಲು ಬಂದಿದ್ದಾನೆ ಎಂದು ನಾನು ಕೂತಲ್ಲಿಂದ ಏಳಲಿಲ್ಲ.

"ಆ ಪತ್ರ ನಂಗೂ ಬಂದಿತ್ತು ಕಣ್ಲಾ" ಅಂದ. "ಕೊಳ್ಳೋರು ಒಂದ್ಸಲ ಬಂದು ಕೈಯಲ್ಲಿ ಮುಟ್ಟಿ ನೋಡ್ಲಿ, ಇಲ್ಲಾಂದ್ರೆ ನಮ್ ವ್ಯಾಪಾರ ಬ್ಯಾಡ ಅಂತ ನಮ್ಮೂರಲ್ಲೇ ಬರ್ಸಿದ್ದೆ. ಬರಕಾಗಲ್ಲ ಅಂದ್ರು. ಹೋಗ್ಲಿ ಬುಡು ಅಂತ ಆ ಹಾಳೆ ಮಂಗಳನ ಅಂಗ್ಡೀಲಿ ಎಸೆದು ಬಂದೆ."

ಅವನು ಎಸೆದದ್ದನ್ನು ನಾನು ಕದ್ದಿದ್ದೆ.

"ರುದ್ರಮ್ಮಂಗೆ ಹೇಳಿದ್ಯಾ?"

"ಇಲ್ಲ."

"ನಾಳೆ ಆ ಕಡೆ ಹೋಗೋನಿದೀನಿ. ಬೇಕಾದ್ರೆ ನಾನೇ ಹೇಳ್ತೀನಿ, ನೀನು ಆಮೇಲೆ ನಿಧಾನಕ್ಕೆ ಹೋಗು."

ನನ್ನ ಒಳಗೆ ಏನಾಯಿತೆಂದು ಇದ್ದದ್ದು ಇದ್ದ ಹಾಗೇ ಬರೆಯುತ್ತೇನೆ. ಕೃತಜ್ಞತೆ ಬರಲಿಲ್ಲ. ನನ್ನ ತಪ್ಪನ್ನು ಒಪ್ಪಿಕೊಳ್ಳುವುದರಲ್ಲೂ ಇವನು ನನಗಿಂತ ಒಂದು ದಿನ ಮುಂಚೆ ಹೋಗುತ್ತಾನಲ್ಲ ಎಂದು ಮೈಯೆಲ್ಲ ಉರಿಯಿತು. ಅವನು ಅತ್ತ ಹೋಗುತ್ತಲೇ ಅಂಗಿ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ಓಡಿದೆ. ಶೆಟ್ಟಿಕೆರೆ ಬಸ್ಸು ಹೊರಡುತ್ತಿತ್ತು, ಹತ್ತಿದೆ. ನನ್ನ ವೃತ್ತಿಯಲ್ಲಿ ನಾನು ಮಾಡಿದ ಒಂದು ದೊಡ್ಡ ನಿಯತ್ತಿನ ಕೆಲಸವನ್ನೂ ಹೊಟ್ಟೆಕಿಚ್ಚಿಗೇ ಮಾಡಿದೆ.

ರುದ್ರಮ್ಮ ಜಗಲಿ ಮೇಲೆ ಕಾಲು ಚಾಚಿ ಕೂತು ಹುರುಳಿ ಆರಿಸುತ್ತಿದ್ದರು. ನನ್ನನ್ನು ಕಂಡು ಮುಖ ಅರಳಿತು. "ಬಾರಪ್ಪ, ಬಾ. ಯಾರ ಮನೆಗೆ ಹೋಯ್ತು?" ಅಂದರು. ಕುಳಿತುಕೋ ಎಂದು ಹೇಳುವುದಕ್ಕೂ ಮುಂಚೆ ಕೇಳಿದ್ದು ಅದನ್ನೇ.

ನಿಂತುಕೊಂಡೇ ಎಲ್ಲ ಹೇಳಿದೆ. ಇಮೇಲ್ ಅಂದರೇನೆಂದು ಹೇಳಲು ಸ್ವಲ್ಪ ಹೊತ್ತು ಬೇಕಾಯಿತು. ಕಾಣದ ಊರಿನ, ಕಾಣದ ಮನುಷ್ಯನಿಗೆ, ಹೆಸರೂ ಕೇಳದೆ ಕೊಟ್ಟೆ ಎನ್ನುವುದನ್ನು ಹೇಳಲು ಹೊತ್ತು ಬೇಕಾಗಲಿಲ್ಲ. "ಯಾರ ಮನೆಗೆ ಹೋಯ್ತೋ ನಂಗೆ ಗೊತ್ತಿಲ್ಲ ಕಣಮ್ಮ" ಅಂದೆ. ಮಾತಾಡಿಕೊಂಡಿದ್ದ ದುಡ್ಡನ್ನು ಮೊರದ ಪಕ್ಕದಲ್ಲಿಟ್ಟೆ. ಅವರು ಅದರ ಕಡೆ ನೋಡಲಿಲ್ಲ.

ಹುರುಳಿಯಲ್ಲಿ ಕೈಯಾಡಿಸುತ್ತಾ ಕೇಳಿದರು, "ತೆಂಗಿನಕಾಯಿ ಸಿಗೋ ಊರಾದ್ರೂ ಹೌದೇನಪ್ಪ ಅದು?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರ ಅತ್ತೆ ಅವರನ್ನು ಬೈಯದೆ ಬಿಟ್ಟಂತೆ ಅವರೂ ನನ್ನನ್ನು ಬೈಯದೆ ಬಿಟ್ಟರು. ಆದರೆ ಕಾಲು ಮುರಿದ ಕುದುರೆ ಆಗ ಮನೆಯಲ್ಲೇ ಇತ್ತು.

ಎದ್ದು ಹೊರಡುವಾಗ ಬಾಯಿ ಸುಮ್ಮನಿರಲಾರದೆ ಕೇಳಿಬಿಟ್ಟೆ. "ಮರುಳಪ್ಪ ಅಷ್ಟು ಸಲ ಬಂದ್ರೂ ಅವ್ನಿಗೆ ಕೊಡದೆ ನಂಗ್ಯಾಕೆ ಕೊಟ್ರಿ?"

"ಯಾರ ಮನೆಗೆ ಹೋಯ್ತು ಅಂತ ಹೇಳ್ಬೇಕು ಅಂದಿದ್ಕೆ ಅವ್ನು ಆಗಲ್ಲ ಅಂದ. ನಮ್ ಕೆಲ್ಸದಲ್ಲಿ ಎಷ್ಟೋ ಸಲ ನಮಗೇ ಗೊತ್ತಾಗಲ್ಲ ಕಣಮ್ಮ, ಸುಳ್ ಹೇಳಿ ತಗೊಂಡು ಹೋಗಾಕೆ ನಂಗಾಗಲ್ಲ ಅಂದ. ತಿಪಟೂರು ಗಂಗಣ್ಣ ಅಂತ ಒಬ್ಬವ್ನೆ, ಅವ್ನ ಕಾಲು ನಿಲ್ಲಲ್ಲ, ಯಾವೂರಾದ್ರೂ ಸರಿ ಹುಡ್ಕೊಂಡ್ ಹೋಗಿ ನೋಡ್ಕಂಡು ಬಂದು ಹೇಳ್ತಾನೆ, ಅವ್ನಿಗೆ ಕೊಡು ಅಂದ. ನೀನು ಬರ್ತೀಯ ಅಂತ ಕಾಯ್ತಾನೇ ಇದ್ದೆ ನಾನು."

ನಾನು ಅವನಿಂದ ಕಿತ್ತುಕೊಂಡೆ ಎಂದು ಬೀಗಿದ್ದ ಮಣೆಯನ್ನು ನನಗೆ ಕೊಡಿಸಿದ್ದವನೇ ಅವನು. ಸಾಬರ ಅಂಗಡಿಯಲ್ಲಿ ನನಗೆ ಚುಚ್ಚಿದ ಅದೇ ಮಾತನ್ನು ಅವನು ಇಷ್ಟು ವರ್ಷ ನನ್ನ ಯೋಗ್ಯತೆ ಎಂದೇ ಇಟ್ಟುಕೊಂಡಿದ್ದ. ವಾಪಸು ಬರುವಾಗ ಕಿಟಕಿ ಪಕ್ಕ ಕೂತು ಟವೆಲಿನಲ್ಲಿ ಮುಖ ಮುಚ್ಚಿಕೊಂಡೆ. ಅವನ ಮೇಲಿನ ಹೊಟ್ಟೆಕಿಚ್ಚು ಹೋಯಿತೆಂದು ಬರೆಯಲು ಚೆನ್ನಾಗಿರುತ್ತಿತ್ತು. ಹೋಗಲಿಲ್ಲ, ಇನ್ನೂ ಜಾಸ್ತಿಯಾಯಿತು. ನನಗಿಂತ ಚೆನ್ನಾಗಿ ನನ್ನನ್ನು ತಿಳಿದಿದ್ದನಲ್ಲ ಎಂದು.

ಆ ತಿಂಗಳೇ ದಲ್ಲಾಳಿತನ ಬಿಟ್ಟೆ. ಆದರೆ ತಿರುಗುವುದು ಬಿಟ್ಟಿಲ್ಲ. ಬೆಂಗಳೂರು, ಮೈಸೂರು, ಒಂದು ಸಲ ಮುಂಬೈಗೂ ಹೋಗಿ ಹಳೇ ಸಾಮಾನಿನ ಅಂಗಡಿಗಳಲ್ಲಿ ತುರಿಮಣೆ ಕಂಡಲ್ಲೆಲ್ಲ ತಿರುವಿ ಹಿಂದಿನ ಎಡಗಾಲು ನೋಡಿದ್ದೇನೆ. ಮಂಗಳಾ ಕಂಪ್ಯೂಟರಿನಲ್ಲಿ ಹುಡುಕಿ ಚಿತ್ರಗಳನ್ನು ತೋರಿಸುತ್ತಾಳೆ. ಮರುಳಪ್ಪನೂ ಹುಡುಕುತ್ತಾನೆ. ಎಲ್ಲಿಯಾದರೂ ಕುದುರೆಮಣೆ ಇದೆ ಎಂಬ ಸುದ್ದಿ ಬಂದರೆ ಫೋನ್ ಮಾಡಿ, "ಲೇ ಗಂಗ, ತಾಮ್ರದ ಪಟ್ಟಿ ಐತಾ ನೋಡ್ಕಂಡು ಬತ್ತೀನಿ" ಅನ್ನುತ್ತಾನೆ. ಅವನು ವಾಪಸು ಫೋನ್ ಮಾಡುವವರೆಗೆ ನನಗೆ ಊಟ ಸೇರುವುದಿಲ್ಲ.

ದಿನಾ ದೇವರ ಮುಂದೆ ನಿಂತಾಗ ಎರಡು ಕೇಳಿಕೊಳ್ಳುತ್ತಿದ್ದೆ. ಆ ಮಣೆ ಇರುವ ಮನೆ ಗೊತ್ತಾಗಲಿ ಎಂದು ಒಂದು. ಅದು ಮರುಳಪ್ಪನಿಗೆ ಮೊದಲು ಗೊತ್ತಾಗದಿರಲಿ ಎಂದು ಇನ್ನೊಂದು. ಈಚೆಗೆ ಎರಡನೆಯದನ್ನು ಕೇಳಿಕೊಳ್ಳುವುದು ಬಿಟ್ಟಿದ್ದೇನೆ. ರುದ್ರಮ್ಮನವರಿಗೆ ಈಗ ಎಂಬತ್ತನಾಲ್ಕು.